ಬೀದಿಯೇ ಅಂಗಡಿ

ಒಂದು ಕಾಫಿ ಫಿಲ್ಟರ್‌ನಿಂದ ಶುರು ಮಾಡುತ್ತೇನೆ. ನಮ್ಮ ಅಜ್ಜಿಯದು, ಹಿತ್ತಾಳೆಯದು. ಒಳಗೆ ಪುಡಿಯನ್ನು ಒತ್ತಿ ಹಿಡಿಯುವ ಬಿಲ್ಲೆ ಇರುತ್ತದಲ್ವಾ, ನಡುವೆ ಕಡ್ಡಿ ಇರುವ ಪುಟ್ಟ ಕೊಡೆಯಂಥದ್ದು? ಮನೆ ಬದಲಾಯಿಸುವಾಗ ಅದು ಕಳೆದುಹೋಯಿತು. ಬಿಲ್ಲೆ ಇಲ್ಲದೆ ನೀರು ಹುಯ್ದರೆ ಪುಡಿ ಮೇಲೆದ್ದು ತೇಲುತ್ತದೆ, ಡಿಕಾಕ್ಷನ್ ನೀರಾಗುತ್ತದೆ. ಒಂದು ದೊಡ್ಡ ಮಳಿಗೆಯಲ್ಲಿ ಕೇಳಿದೆ. ಬಿಲ್ಲೆ ಬಿಡಿಯಾಗಿ ಬರಲ್ಲ, ಹೊಸ ಫಿಲ್ಟರ್ ತಗೊಳ್ಳಿ ಅಂದರು. ಫೋನಿನಲ್ಲಿ ಹುಡುಕಿ ಒಂದನ್ನು ತರಿಸಿದೆ. ಒಳಗೆ ಇಳಿಯಲೇ ಇಲ್ಲ, ಅಷ್ಟು ಅಗಲ.

ಕೊನೆಗೆ ಫಿಲ್ಟರನ್ನು ಬಟ್ಟೆಚೀಲದಲ್ಲಿ ಹಾಕಿಕೊಂಡು ಚಿಕ್ಕಪೇಟೆಗೆ ಹೋದೆ. ಚೌಕದ ಹತ್ತಿರ ಒಂದು ಓಣಿಯಲ್ಲಿ ಪಾತ್ರೆ ಅಂಗಡಿ. ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಹಿರಿಯರು ಫಿಲ್ಟರನ್ನು ಕೈಗೆ ತಗೊಂಡು ತಿರುಗಿಸಿ ನೋಡಿದರು. ಹಳೇ ಅಳತೆ ಇದು, ನಮ್ಮಲ್ಲಿಲ್ಲ ಅಂದರು. ನಾನು ಚೀಲಕ್ಕೆ ಕೈ ಹಾಕುವಷ್ಟರಲ್ಲಿ, "ಇರಿ, ಕೂತ್ಕೊಳ್ಳಿ" ಅಂದು ಹುಡುಗನನ್ನು ಕರೆದರು. ಆ ಹುಡುಗ ಫಿಲ್ಟರ್ ಹಿಡಿದುಕೊಂಡು ಓಡಿದ. ಪಕ್ಕದ ಅಂಗಡಿಯಲ್ಲಿ ಇಲ್ಲ. ಎದುರಿನದರಲ್ಲಿ ಇತ್ತು, ಆದರೆ ಕೂದಲೆಳೆಯಷ್ಟು ದೊಡ್ಡದು. ಅದನ್ನೇ ತಗೊಂಡು ಒಂದು ಮಹಡಿ ಮೆಟ್ಟಿಲು ಹತ್ತಿದ. ಮೇಲೆ ಒಂದು ಕೋಣೆ, ಒಳಗೆ ಲೇತ್ ಇಟ್ಟುಕೊಂಡು ಒಬ್ಬರು ಹಿತ್ತಾಳೆ ಕೆಲಸ ಮಾಡುತ್ತಿದ್ದರು. ಅಂಚು ಸವೆಸಿ ಕೊಟ್ಟರು. ಮುಕ್ಕಾಲು ಗಂಟೆಯಲ್ಲಿ ನನ್ನ ಕೈಗೆ ಬಂತು. ಎದುರಿನ ಅಂಗಡಿಗೆ ಬಿಲ್ಲೆಯ ದುಡ್ಡು, ಮಹಡಿಯವರಿಗೆ ಕೂಲಿ. ಇಷ್ಟೆಲ್ಲ ಮಾಡಿಸಿದ ಹಿರಿಯರಿಗೆ ಏನೂ ಇಲ್ಲ. ನಿಮಗೇನು ಕೊಡಲಿ ಅಂತ ಕೇಳಿದೆ. "ಇವತ್ತು ನಾನು ಅವರ ಹತ್ರ ಕಳಿಸಿದೆ, ನಾಳೆ ಅವರು ನನ್ನ ಹತ್ರ ಕಳಿಸ್ತಾರೆ. ಬೀದಿ ಅಂದ್ರೆ ಹಂಗೇ" ಅಂದರು.

ಆ ಮಾತು ಮನಸ್ಸಿನಲ್ಲಿ ಉಳಿಯಿತು. ಅದಕ್ಕೇ ಇವತ್ತು ನಿಮ್ಮ ಮುಂದೆ ನಿಂತಿದ್ದೇನೆ. ನಾನು ಹೋಗಿದ್ದು ಒಂದು ಅಂಗಡಿಗೆ ಅಂತ ಅಂದುಕೊಂಡಿದ್ದೆ. ಆದರೆ ನನ್ನ ಕೆಲಸ ಮಾಡಿಕೊಟ್ಟಿದ್ದು ಬೀದಿ. ಬೆಂಗಳೂರಿನ ಸಣ್ಣ ಅಂಗಡಿಗಳ ಬಗ್ಗೆ ಮಾತಾಡುವಾಗ ನಾವು ಒಂದೊಂದೇ ಅಂಗಡಿಯ ಹೆಸರು ಹೇಳುತ್ತೇವೆ. ಇಂಥ ಕಡೆ ದೋಸೆ ಚೆನ್ನಾಗಿದೆ, ಇಂಥ ಕಡೆ ಸೀರೆ ಅಗ್ಗ. ನನಗೆ ಅನ್ನಿಸುವುದು, ಇಲ್ಲಿ ಅಂಗಡಿ ಅನ್ನುವುದು ಬೀದಿಯ ಒಂದು ಕೋಣೆ ಅಷ್ಟೆ. ನೋಡಬೇಕಾದ್ದು ಬೀದಿಯನ್ನು.

ಇದು ಹೇಗೆ ಬಂತು? ಊರು ಕಟ್ಟಿದ್ದೇ ಹಾಗೆ. 1537ರಲ್ಲಿ ಕೆಂಪೇಗೌಡರು ಕೋಟೆ ಪೇಟೆ ಕಟ್ಟಿಸಿದಾಗ ಎರಡು ಮುಖ್ಯ ಬೀದಿ ಎಳೆಸಿದರು. ಉತ್ತರ ದಕ್ಷಿಣಕ್ಕೆ ದೊಡ್ಡಪೇಟೆ, ಪೂರ್ವ ಪಶ್ಚಿಮಕ್ಕೆ ಚಿಕ್ಕಪೇಟೆ. ನಾಲ್ಕು ಜೋಡಿ ಎತ್ತು ಕಟ್ಟಿ, ನಾಲ್ಕು ದಿಕ್ಕಿಗೆ ನೇಗಿಲು ಹೊಡೆಸಿದರು ಎಂಬ ಕಥೆ ನಿಮಗೆಲ್ಲ ಗೊತ್ತು. ಆ ಎತ್ತುಗಳು ಹೊರಟವು ಅನ್ನುವ ಜಾಗವೇ ಈಗಿನ ಚಿಕ್ಕಪೇಟೆ ಚೌಕ. ದೊಡ್ಡಪೇಟೆಯನ್ನು ಈಗ ಅವೆನ್ಯೂ ರಸ್ತೆ ಅಂತೀವಿ. ಊರಿಗೆ ಬಾಗಿಲುಗಳಿದ್ದವು. ಹಲಸೂರು ಬಾಗಿಲು, ಯಲಹಂಕ ಬಾಗಿಲು, ಆನೇಕಲ್ ಬಾಗಿಲು, ಕೆಂಗೇರಿ ಬಾಗಿಲು. ಹಲಸೂರು ಗೇಟ್ ಪೊಲೀಸ್ ಠಾಣೆ ಹಲಸೂರಿನಲ್ಲಿ ಯಾಕಿಲ್ಲ ಅಂತ ಹೊಸಬರು ಕೇಳುತ್ತಾರೆ. ಅಲ್ಲಿದ್ದದ್ದು ಹಲಸೂರಿಗೆ ಹೋಗುವ ಬಾಗಿಲು, ಅದಕ್ಕೇ.

ಈ ಎರಡು ಬೀದಿಗಳ ಸುತ್ತ ಒಂದೊಂದು ಕಸುಬಿಗೆ ಒಂದೊಂದು ಪೇಟೆ. ಹೆಸರುಗಳನ್ನು ಜೋರಾಗಿ ಹೇಳಿ ನೋಡಿ. ಅಕ್ಕಿಪೇಟೆ, ರಾಗಿಪೇಟೆ, ಅರಳೇಪೇಟೆ, ಬಳೇಪೇಟೆ, ತರಗುಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆ, ಉಪ್ಪಾರಪೇಟೆ, ನಗರ್ತಪೇಟೆ. ಮನೆಗೆ ಬರೆದ ಸಾಮಾನಿನ ಚೀಟಿ ಓದಿದ ಹಾಗಿದೆ, ಅಲ್ವಾ? ಹತ್ತಿ ಬೇಕಾದವನು ಅರಳೇಪೇಟೆಗೆ, ಎಣ್ಣೆ ಬೇಕಾದವನು ಗಾಣಿಗರಪೇಟೆಗೆ. ಊರಿನ ನಕ್ಷೆಯೇ ಅಂಗಡಿಯ ಬೋರ್ಡ್.

ಆಮೇಲೆ ಕಾಲಕಾಲಕ್ಕೆ ಹೊಸ ಪೇಟೆಗಳು ಸೇರಿಕೊಂಡವು. ಕಮಿಷನರ್ ಮಾರ್ಕ್ ಕಬ್ಬನ್ ಹೆಸರಿನಲ್ಲಿ ಕಬ್ಬನ್‌ಪೇಟೆ ಬಂತು. ಅದು ನೇಕಾರರ ಜಾಗ. ಮಗ್ಗದ ಸದ್ದು ಕೇಳುತ್ತಾ ಬೆಳೆದವರು ಇಲ್ಲಿ ಕೂತವರಲ್ಲೂ ಇರಬಹುದು.

ಕಸುಬು ಬದಲಾಗಿದೆ. ಗಾಣ ಈಗ ತಿರುಗುತ್ತಿಲ್ಲ. ಆದರೆ ಒಂದು ಕಸುಬಿನವರು ಒಟ್ಟಿಗೆ ಕೂರುವ ಅಭ್ಯಾಸ ಹೋಗಿಲ್ಲ. ಎಸ್.ಪಿ. ರಸ್ತೆಯನ್ನೇ ನೋಡಿ. ಸಾದರ್ ಪತ್ರಪ್ಪ ರಸ್ತೆ. ಕೆಂಪೇಗೌಡರ ಕಾಲದಲ್ಲಿ ಕಂಪ್ಯೂಟರ್ ಎಲ್ಲಿತ್ತು? ಆದರೂ ಕಂಪ್ಯೂಟರ್ ಭಾಗ, ವೈರು, ಮೋಟಾರು, ಕೆಪಾಸಿಟರ್ ಮಾರುವವರು ಬಂದು ಸೇರಿದ್ದು ಪೇಟೆಯ ಅಂಚಿಗೇ. ಸೇರಿದ ರೀತಿಯೂ ಅದೇ, ಒಬ್ಬರ ಪಕ್ಕ ಒಬ್ಬರು. ಪ್ರಾಜೆಕ್ಟ್ ಮಾಡುವ ಎಂಜಿನಿಯರಿಂಗ್ ಹುಡುಗರಿಗೆ ಅದು ಎರಡನೇ ಕಾಲೇಜು. ಚೀಟಿಯಲ್ಲಿ ತಪ್ಪು ಬೆಲೆಯ ರೆಸಿಸ್ಟರ್ ಬರೆದುಕೊಂಡು ಬಂದ ಹುಡುಗನಿಗೆ, "ಇದು ಹಾಕಿದ್ರೆ ಸುಡತ್ತೆ ಕಣಪ್ಪ, ಸರ್ಕ್ಯೂಟ್ ತೋರ್ಸು" ಅಂತ ಒಬ್ಬ ಅಂಗಡಿಯವರು ಹೇಳಿದ್ದನ್ನು ನಾನೇ ನಿಂತು ಕೇಳಿದ್ದೇನೆ. ಆ ಹುಡುಗ ಕೊಂಡದ್ದು ಕೆಲವೇ ರೂಪಾಯಿಯ ಸಾಮಾನು.

ಒಂದೇ ಸಾಮಾನು ಮಾರುವವರು ಅಕ್ಕಪಕ್ಕ ಕೂತರೆ ಒಬ್ಬರ ವ್ಯಾಪಾರ ಇನ್ನೊಬ್ಬರು ಕಿತ್ತುಕೊಳ್ಳುವುದಿಲ್ಲವೇ? ಮೊನ್ನೆ ಪೇಟೆ ಸುತ್ತುವ ನಡಿಗೆಯಲ್ಲಿ ಒಬ್ಬ ವಿದ್ಯಾರ್ಥಿನಿ ಹೀಗೆ ಕೇಳಿದಳು. ಒಳ್ಳೇ ಪ್ರಶ್ನೆ. ಒಂಟಿ ಅಂಗಡಿಗೆ ಗಿರಾಕಿ ಬರಬೇಕಾದರೆ ಅಲ್ಲಿ ಸಾಮಾನು ಇದೆ ಅಂತ ಅವನಿಗೆ ಮೊದಲೇ ಗೊತ್ತಿರಬೇಕು. ಐವತ್ತು ಅಂಗಡಿಯ ಬೀದಿಗೆ ಸುಮ್ನೆ ಬರುತ್ತಾನೆ. ಇಲ್ಲಿಲ್ಲದಿದ್ದರೆ ಅಲ್ಲಿ ಸಿಗುತ್ತದೆ ಅನ್ನುವ ಧೈರ್ಯ. ಸರಕಿನ ಗಾಡಿ ಒಂದು ಸಲ ಬಂದರೆ ಎಲ್ಲರಿಗೂ ಇಳಿಸಿ ಹೋಗುತ್ತದೆ. ಹಮಾಲರಿಗೆ ದಿನವಿಡೀ ಕೆಲಸ ಇರುತ್ತದೆ. ಮಹಡಿಯಲ್ಲಿ ರಿಪೇರಿ ಮಾಡುವವರಿಗೆ ಐವತ್ತು ಅಂಗಡಿಯ ಕೆಲಸ ಸಿಗುತ್ತದೆ, ಒಂದೇ ಅಂಗಡಿ ನಂಬಿದರೆ ಅವರ ಹೊಟ್ಟೆ ತುಂಬುವುದಿಲ್ಲ. ಇನ್ನೊಂದು ಮುಖ್ಯ ವಿಷಯ, ಮೋಸ ಮಾಡುವುದು ಕಷ್ಟ. ಎರಡು ಹೆಜ್ಜೆ ನಡೆದರೆ ನಿಜವಾದ ಬೆಲೆ ಗೊತ್ತಾಗುತ್ತದೆ.

ಬಳೇಪೇಟೆಗೆ ಬನ್ನಿ. ಇದು ನನಗೆ ತುಂಬಾ ಪ್ರೀತಿಯ ಜಾಗ, ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. ಇಲ್ಲಿ ವಾದ್ಯದ ಅಂಗಡಿಗಳಿವೆ. ವೀಣೆ, ತಂಬೂರಿ, ಮೃದಂಗ, ತಬಲಾ, ಹಾರ್ಮೋನಿಯಂ, ಡೋಲು. ನನ್ನ ಮಗಳಿಗೆ ವೀಣೆ ಕಲಿಸುವಾಗ ಒಂದು ತಂತಿ ತುಂಡಾಯಿತು. ತಂತಿ ಕೊಡಿ ಅಂದೆ. ಯಾವುದು ಅಂದರು. ನನಗೆ ಅಲ್ಲಿಯವರೆಗೆ ವೀಣೆಗೆ ನಾಲ್ಕು ನುಡಿಸುವ ತಂತಿ, ಮೂರು ತಾಳದ ತಂತಿ ಅಂತ ಲೆಕ್ಕವೇ ಗೊತ್ತಿರಲಿಲ್ಲ. ಅವರು ವೀಣೆಯನ್ನು ತರಿಸಿ ನೋಡಿದರು. ತಂತಿ ಹಾಕಿ ಶ್ರುತಿ ಮಾಡಿದ ಮೇಲೆ, ಒಂದು ಮೆಟ್ಟಿನ ಹತ್ತಿರ ಕಿವಿ ಇಟ್ಟು ಕೇಳಿದರು. ಮೇಣ ಸಡಿಲವಾಗಿದೆ ಅಂದರು. ವೀಣೆಯ ಮೆಟ್ಟುಗಳನ್ನು ಕೂರಿಸುವುದು ಮೇಣದ ಮೇಲೆ, ಬೇಸಿಗೆಗೆ ಅದು ಸ್ವಲ್ಪ ಜರುಗುತ್ತದೆ. ಮನೆಯಲ್ಲಿ ಮಗಳು ಅಪಸ್ವರ ಹಿಡಿಯುತ್ತಾಳೆ ಅಂತ ಗದರುತ್ತಿದ್ದೆವು. ತಪ್ಪು ಅವಳದ್ದಲ್ಲ, ಮೇಣದ್ದು. ಇದನ್ನು ಯಾವ ಪರದೆಯ ಮೇಲೆ ಒತ್ತಿ ಕೊಳ್ಳುತ್ತೀರಿ? ತಂತಿಯ ಬೆಲೆ ಎಲ್ಲ ಕಡೆ ಸಿಗುತ್ತದೆ. ಕಿವಿ ಇಟ್ಟು ಕೇಳುವವರು ಸಿಗುವುದು ಇಂಥ ಬೀದಿಯಲ್ಲಿ.

ತಬಲಾಗೆ ಚರ್ಮ ಕಟ್ಟುವವರು, ಹಾರ್ಮೋನಿಯಂ ತಿದಿ ಹೊಲಿಯುವವರು ಇಂಥ ಅಂಗಡಿಗಳ ಸುತ್ತಲೇ ಇರುತ್ತಾರೆ. ಅಂಗಡಿ ಹೋದರೆ ಅವರೂ ಹೋಗುತ್ತಾರೆ. ಅವರು ಹೋದರೆ ಊರಿನ ಸಂಗೀತ ಶಾಲೆಗಳಲ್ಲಿ ವಾದ್ಯ ಮೂಲೆಗೆ ಸೇರುತ್ತದೆ.

ಬಳೇಪೇಟೆಗೆ ಹೋದವರು ಉಡುಪಿ ಶ್ರೀ ಕೃಷ್ಣ ಭವನದಲ್ಲಿ ಸಾಗು ಮಸಾಲೆ ದೋಸೆ ತಿನ್ನದೆ ಬರಬೇಡಿ. 1926ರಿಂದ ಇದೆ. ಪೇಟೆಯ ವ್ಯಾಪಾರ ಅಂದರೆ ಅರ್ಧ ಮಾತುಕತೆ, ಅರ್ಧ ಕಾಫಿ. ಲೆಕ್ಕ ಚುಕ್ತಾ ಮಾಡುವುದು, ಮದುವೆ ಜವಳಿಗೆ ಬಂದವರು ಕಾಲು ಚಾಚಿ ಕೂರುವುದು, ಎಲ್ಲ ಇಂಥ ಹೋಟೆಲಿನಲ್ಲೇ.

ಜವಳಿ ಅಂದಾಗ ನೆನಪಾಯಿತು. ಒಂದು ಮದುವೆಯನ್ನು ಚಿಕ್ಕಪೇಟೆಯಲ್ಲಿ ಕಾಲ್ನಡಿಗೆಯಲ್ಲೇ ಮುಗಿಸಬಹುದು. ಸೀರೆ ಒಂದು ಕಡೆ. ಆ ಸೀರೆಗೆ ರವಿಕೆ ಬಟ್ಟೆ, ಫಾಲ್ಸ್, ಲೈನಿಂಗ್ ಎರಡು ಓಣಿ ಆಚೆ. ಸೆರಗಿಗೆ ಕುಚ್ಚು ಕಟ್ಟುವ ಹೆಂಗಸರಿಗೆ ರೇಷ್ಮೆ ದಾರ ಇನ್ನೊಂದು ಕಡೆ. ಲಗ್ನಪತ್ರಿಕೆ, ತಾಂಬೂಲದ ಚೀಲ, ಬೆಳ್ಳಿ ದೀಪ, ಬಾಸಿಂಗ. ನಗರ್ತಪೇಟೆಗೆ ಹೋದರೆ ಚಿನ್ನ ಬೆಳ್ಳಿ ಕೆಲಸದವರು. ಸೀರೆ ಅಂಗಡಿಯಲ್ಲಿ ಚಪ್ಪಲಿ ಬಿಟ್ಟು ಬಿಳಿ ಹಾಸಿನ ಮೇಲೆ ಕೂತು, ಮಡಿಕೆ ಬಿಚ್ಚಿ ಬಿಚ್ಚಿ ತೋರಿಸುವಾಗ ಮನೆಯ ಮೂರು ತಲೆಮಾರಿನ ಹೆಂಗಸರು ಒಟ್ಟಿಗೆ ನೋಡುತ್ತಾರಲ್ಲ, ಆ ಹೊತ್ತು ಮದುವೆಯ ಒಂದು ಶಾಸ್ತ್ರವೇ. ನಮ್ಮ ಅಮ್ಮ ಸೀರೆಯ ಅಂಚನ್ನು ಬೆರಳ ನಡುವೆ ಉಜ್ಜಿ ನೋಡಿ, ಜರಿ ಬಗ್ಗೆ ಒಂದೇ ಪ್ರಶ್ನೆ ಕೇಳುತ್ತಿದ್ದರು. ಅಂಗಡಿಯವರು ತಕ್ಷಣ ಒಳಗಿನಿಂದ ಬೇರೆ ಕಟ್ಟು ತರಿಸುತ್ತಿದ್ದರು. ಕೇಳಲು ಗೊತ್ತಿರುವವರಿಗೆ ಬೇರೆ ಕಟ್ಟು ಇರುತ್ತದೆ. ಇದನ್ನು ನೆನಪಿಡಿ.

ಇಲ್ಲೊಂದು ಪಕ್ಕದ ಮಾತು. ಚೈತ್ರದ ಹುಣ್ಣಿಮೆ ರಾತ್ರಿ ಕರಗ ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ಹೊರಟು ಈ ಪೇಟೆಗಳನ್ನೆಲ್ಲ ಸುತ್ತುತ್ತದೆ. ಅರಳೇಪೇಟೆಯ ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿ ಬರುತ್ತದೆ. ಹಗಲು ಲಾರಿ, ಕೈಗಾಡಿ, ಕೂಗಾಟ ತುಂಬಿದ ಅದೇ ಬೀದಿಯಲ್ಲಿ ಆ ರಾತ್ರಿ ಮಲ್ಲಿಗೆಯ ವಾಸನೆ, ವೀರಕುಮಾರರ ಕತ್ತಿಯ ಮಿಂಚು. ಅಂಗಡಿಯವರು ಮೆಟ್ಟಿಲ ಮೇಲೆ ಮನೆಯವರ ಜೊತೆ ನಿಂತಿರುತ್ತಾರೆ. ಪೇಟೆ ಅಂದರೆ ಬರೀ ಮಾರಾಟದ ಜಾಗ ಅಲ್ಲ ಅನ್ನುವುದು ಆ ರಾತ್ರಿ ಗೊತ್ತಾಗುತ್ತದೆ. ಕರಗ ನೋಡಿದವರಿಗೆ ಪೇಟೆಯ ಓಣಿಗಳು ಯಾವತ್ತೂ ಗಲೀಜು ಅನ್ನಿಸುವುದಿಲ್ಲ.

ಕೆ.ಆರ್. ಮಾರುಕಟ್ಟೆ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ಅದಕ್ಕೇ ಒಂದು ದಿನ ಬೇಕು. 1928ರದ್ದು, ಕೃಷ್ಣರಾಜೇಂದ್ರ ಒಡೆಯರ ಹೆಸರು. ಬೆಳಗಿನ ಜಾವ ಹೋಗಿ. ಕನಕಾಂಬರ, ಸೇವಂತಿಗೆ, ಸುಗಂಧರಾಜ, ಮರುಗ, ದವನ ರಾಶಿ ರಾಶಿ ಬಿದ್ದಿರುತ್ತದೆ. ಏಳು ಗಂಟೆಗೆ ಹೋದವರು ಮಾರುಕಟ್ಟೆಯ ಕೊನೆಯ ಭಾಗ ಮಾತ್ರ ನೋಡಿ ಬರುತ್ತಾರೆ. ಅಲ್ಲಿಂದ ಹೊರಟ ಹೂವು ಊರಿನ ಅಷ್ಟೂ ಬುಟ್ಟಿಗಳಿಗೆ ಹೋಗುತ್ತದೆ, ನಿಮ್ಮ ಮನೆ ಮೂಲೆಯಲ್ಲಿ ಮೊಳ ಹಾಕುವ ಅಜ್ಜಿಯ ಬುಟ್ಟಿಗೂ.

1898ರಲ್ಲಿ ಪ್ಲೇಗ್ ಬಂತು. ಪೇಟೆಯ ಒತ್ತಾದ ಮನೆಗಳಲ್ಲಿ ಜನ ಸಾಯತೊಡಗಿದರು. ಆಗ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದವು. ನೇರ ರಸ್ತೆ, ಗಾಳಿ ಬೆಳಕು, ಮನೆ ಮುಂದೆ ಮರ. ಆ ಜನರ ಜೊತೆ ಅಂಗಡಿಯೂ ಬಂತು, ಆದರೆ ಬೇರೆ ರೂಪದಲ್ಲಿ. ಪೇಟೆಯಲ್ಲಿ ಬೀದಿಯನ್ನು ಹಂಚಿಕೊಂಡದ್ದು ಕಸುಬು. ಇಲ್ಲಿ ಬೀದಿಯನ್ನು ಹಂಚಿಕೊಂಡದ್ದು ಹಬ್ಬ.

ಬಸವನಗುಡಿಯ ಗಾಂಧಿಬಜಾರ್ ನಿಮಗೆ ಗೊತ್ತೇ ಇದೆ, ಇಲ್ಲಿಂದ ನಡೆದುಹೋಗುವಷ್ಟು ದೂರ. ವರ್ಷದಲ್ಲಿ ಹನ್ನೆರಡು ಸಲ ಅದು ಬೇರೆ ಬೇರೆ ಬೀದಿಯಾಗುತ್ತದೆ. ಸಂಕ್ರಾಂತಿಗೆ ಎಳ್ಳು, ಕೊಬ್ಬರಿ, ಹುರಿಗಡಲೆ, ಸಕ್ಕರೆ ಅಚ್ಚು, ಕಬ್ಬಿನ ಜಲ್ಲೆ. ಯುಗಾದಿಗೆ ಮಾವಿನ ಸೊಪ್ಪು, ಬೇವಿನ ಹೂವು. ವರಮಹಾಲಕ್ಷ್ಮಿಗೆ ತಾವರೆ, ಬಾಳೆಕಂದು. ಗೌರಿಗೆ ಬಾಗಿನದ ಮೊರ. ಆಯುಧಪೂಜೆಗೆ ಬೂದುಗುಂಬಳ. ಚಳಿಗಾಲಕ್ಕೆ ಸೊಗಡಿನ ಅವರೆಕಾಯಿ. ಕಾರ್ತಿಕದ ಕೊನೆಯ ಸೋಮವಾರ ಬಂದರೆ ಬುಲ್ ಟೆಂಪಲ್ ರಸ್ತೆಯೆಲ್ಲ ಕಡಲೆಕಾಯಿ. ಪಂಚಾಂಗ ನೋಡದೆ ಇರುವ ಮಕ್ಕಳೂ ಈ ಬೀದಿ ನೋಡಿ ಯಾವ ಹಬ್ಬ ಬಂತು ಅಂತ ಹೇಳುತ್ತಾರೆ.

ನನಗೆ ಗ್ರಂದಿಗೆ ಅಂಗಡಿಗಳ ಮೇಲೆ ವಿಶೇಷ ಗೌರವ. ಅರಿಶಿನ ಕುಂಕುಮ, ಗೆಜ್ಜೆವಸ್ತ್ರ, ಕರ್ಪೂರ, ಹೋಮದ ಸಮಿತ್ತು, ಬಾಣಂತಿ ಮದ್ದಿನ ಬೇರು ನಾರು. ನೂರಾರು ಸಣ್ಣ ಡಬ್ಬಿ, ಯಾವುದರ ಮೇಲೂ ಹೆಸರಿಲ್ಲ. "ಸತ್ಯನಾರಾಯಣ ಪೂಜೆ" ಅಂದರೆ ಸಾಕು, ಕೈ ಒಂದೊಂದೇ ಡಬ್ಬಿಗೆ ಹೋಗುತ್ತದೆ. ನೀವು ಚೀಟಿ ತರಬೇಕಾಗಿಲ್ಲ. ನಮ್ಮ ಮನೆಯಲ್ಲಿ ಹಿರಿಯರು ಹೋದ ಮೇಲೆ ಮೊದಲ ಗೌರಿ ಹಬ್ಬಕ್ಕೆ ಬಾಗಿನದಲ್ಲಿ ಏನೇನು ಇಡಬೇಕು ಅಂತ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಅಂಗಡಿಯ ಅಮ್ಮ ಕೇಳಿದರು, "ನಿಮ್ಮನೇಲಿ ಐದು ಜೊತೆನೋ, ಎರಡು ಜೊತೆನೋ?" ನಮ್ಮ ಅತ್ತೆ ಪ್ರತಿ ವರ್ಷ ಏನು ಕೊಳ್ಳುತ್ತಿದ್ದರು ಅನ್ನುವುದು ಅವರಿಗೆ ನೆನಪಿತ್ತು. ನಮ್ಮ ಮನೆಯ ಪದ್ಧತಿಯನ್ನು ನಮಗೆ ವಾಪಸ್ ಕೊಟ್ಟವರು ಅವರು.

ಅದೇ ಬೀದಿಯಲ್ಲಿ 1943ರಿಂದ ವಿದ್ಯಾರ್ಥಿ ಭವನ. ಸುಬ್ಬಮ್ಮನ ಅಂಗಡಿ ಅಂತ ಊರೆಲ್ಲ ಕರೆಯುವ ಜಾಗದಲ್ಲಿ ಹಪ್ಪಳ, ಸಂಡಿಗೆ, ಕೋಡುಬಳೆ, ಚಟ್ನಿಪುಡಿ. ಕನ್ನಡ ಪುಸ್ತಕಕ್ಕೆ ಅಂಕಿತ ಪುಸ್ತಕ. ದೋಸೆಗೆ ಸಾಲು ನಿಂತವರು ಹೆಸರು ಹೇಳಿ, ಪುಸ್ತಕದಂಗಡಿಗೆ ಹೋಗಿ ಬರುತ್ತಾರೆ. ಬರುವಾಗ ಕೈಯಲ್ಲಿ ಒಂದು ಕವನ ಸಂಕಲನ. ದೋಸೆ, ಪುಸ್ತಕ, ಮಲ್ಲಿಗೆ ಒಂದೇ ಚೀಲದಲ್ಲಿ ಮನೆಗೆ ಬರುವ ಬೀದಿ ಎಷ್ಟು ಊರಿನಲ್ಲಿದೆ ಹೇಳಿ. ಮಲ್ಲೇಶ್ವರದ ಎಂಟನೇ ಕ್ರಾಸ್, ಸಂಪಿಗೆ ರಸ್ತೆ ಕೂಡ ಇದೇ ಜಾತಿಯದು. ಅಲ್ಲಿಯವರು ನಮ್ಮದೇ ಚೆನ್ನ ಅನ್ನುತ್ತಾರೆ. ಅನ್ನಲಿ, ಅನ್ನಬೇಕು.

ಇಲ್ಲಿಯವರೆಗೆ ಒಂದು ಬೆಂಗಳೂರು. ಇನ್ನೊಂದು ಬೆಂಗಳೂರು ದಂಡು, ಅಂದರೆ ಕಂಟೋನ್ಮೆಂಟ್. 1809ರಲ್ಲಿ ಬ್ರಿಟಿಷರು ದಂಡು ಹಾಕಿದರು. ಪೇಟೆಗೂ ದಂಡಿಗೂ ಬೇರೆ ಬೇರೆ ಆಡಳಿತ. ಎರಡೂ ಒಂದು ನಗರಸಭೆಯ ಕೆಳಗೆ ಬಂದದ್ದು 1949ರಲ್ಲಿ. ನಮ್ಮ ತಾತನ ಕಾಲದವರು ದಂಡಿಗೆ ಹೋಗುವುದನ್ನು ಬೇರೆ ಊರಿಗೆ ಹೋದ ಹಾಗೆ ಹೇಳುತ್ತಿದ್ದರು. ಶಿವಾಜಿನಗರದ ರಸೆಲ್ ಮಾರುಕಟ್ಟೆ 1927ರದ್ದು. ಅಲ್ಲಿ ಹಣ್ಣಿನವರು ನಿಮ್ಮ ಜೊತೆ ಕನ್ನಡ, ಪಕ್ಕದವರ ಜೊತೆ ದಖನಿ, ಎದುರಿನವರ ಜೊತೆ ತಮಿಳು ಒಂದೇ ಉಸಿರಿನಲ್ಲಿ ಮಾತಾಡುತ್ತಾರೆ. 2012ರಲ್ಲಿ ಅಲ್ಲಿ ಬೆಂಕಿ ಬಿದ್ದು ಬಹಳ ಮಳಿಗೆಗಳು ಸುಟ್ಟವು. ವ್ಯಾಪಾರಿಗಳು ಬೇರೆಲ್ಲೂ ಹೋಗಲಿಲ್ಲ, ಅದೇ ಜಾಗದಲ್ಲಿ ಮತ್ತೆ ಕೂತರು. ಯಾಕೆ ಅಂತ ಈಗ ನಿಮಗೆ ಅರ್ಥವಾಗಿರಬೇಕು. ಒಬ್ಬರು ಎದ್ದು ಬೇರೆ ಕಡೆ ಹೋದರೆ ಅವರ ಜೊತೆ ಹೋಗುವುದು ತಕ್ಕಡಿ ಮಾತ್ರ. ಬೀದಿ ಹೋಗುವುದಿಲ್ಲ. ಹತ್ತಿರದ ಕಮರ್ಷಿಯಲ್ ಸ್ಟ್ರೀಟ್‌ನಲ್ಲಿ ಮುಖ್ಯ ರಸ್ತೆಗಿಂತ ಅಡ್ಡ ಓಣಿಗಳನ್ನು ನೋಡಿ. ಇಬ್ರಾಹಿಂ ಸಾಹೇಬ್ ಬೀದಿಯಲ್ಲಿ ಲೇಸು, ಗುಂಡಿ, ಮ್ಯಾಚಿಂಗ್ ಬಟ್ಟೆ ಹಿಡಿದುಕೊಂಡು ಓಡಾಡುವ ದರ್ಜಿಗಳನ್ನು ಹಿಂಬಾಲಿಸಿದರೆ ಸಾಕು.

ಚರ್ಚ್ ಸ್ಟ್ರೀಟ್‌ಗೆ ಬಂದರೆ ಪುಸ್ತಕ. ಪ್ರೀಮಿಯರ್ ಬುಕ್ ಶಾಪ್ ನೋಡಿದವರು ಕೈ ಎತ್ತಿ. ಸಾಕಷ್ಟು ಜನ ಇದ್ದೀರಿ. ಅಲ್ಲೇ ಆಚೆ ಮೂಲೆಯಲ್ಲಿತ್ತು. 1971ರಿಂದ 2009ರವರೆಗೆ ಶಾನಭಾಗರು ನಡೆಸಿದ ಆ ಪುಟ್ಟ ಅಂಗಡಿಯಲ್ಲಿ ಪುಸ್ತಕಗಳ ಗೋಪುರದ ನಡುವೆ ಒಬ್ಬರು ನುಸುಳುವಷ್ಟೇ ಜಾಗ. ಒಂದನ್ನು ಎಳೆದರೆ ಹತ್ತು ಬೀಳುತ್ತವೆ ಅನ್ನುವ ಭಯ. ಆದರೆ ಹೆಸರು ಹೇಳಿದರೆ ಅವರು ಎದ್ದು ಹೋಗಿ ಸರಿಯಾಗಿ ಆ ಪುಸ್ತಕವನ್ನೇ ತೆಗೆಯುತ್ತಿದ್ದರು. ಅದು ಮುಚ್ಚಿದಾಗ ಬಹಳ ಜನರಿಗೆ ತಮ್ಮ ಮನೆಯ ಒಂದು ಕೋಣೆಗೆ ಬೀಗ ಬಿದ್ದ ಹಾಗಾಯಿತು. ಆದರೆ ಪುಸ್ತಕದ ಬೀದಿ ಸಾಯಲಿಲ್ಲ. ಬ್ಲಾಸಮ್ ಇತ್ತು, ಬುಕ್‌ವರ್ಮ್ ಇತ್ತು. ಎರಡನ್ನೂ ಕಟ್ಟಿದವರು ಫುಟ್‌ಪಾತ್ ಮೇಲೆ ಹಳೇ ಪುಸ್ತಕ ಹರಡಿ ಶುರು ಮಾಡಿದವರು. ಬ್ರಿಗೇಡ್ ರಸ್ತೆಯ ಪಕ್ಕದ ಓಣಿಯಲ್ಲಿ 1945ರಿಂದ ಇರುವ ಸೆಲೆಕ್ಟ್ ಬುಕ್ ಶಾಪ್ ಇದೆ. ಓದುವವರು ಬರುತ್ತಲೇ ಇದ್ದದ್ದರಿಂದ ಹೊಸ ಅಂಗಡಿ ಹುಟ್ಟಲು ಜಾಗ ಇತ್ತು. ಬೀದಿ ಉಳಿದರೆ ಒಂದು ಅಂಗಡಿಯ ಸಾವನ್ನೂ ತಡೆದುಕೊಳ್ಳುತ್ತದೆ. ಬೀದಿ ಹೋದರೆ ಎಷ್ಟು ಒಳ್ಳೇ ಅಂಗಡಿಯೂ ಒಂಟಿಯಾಗಿ ಬದುಕಲಾರದು.

ಚರ್ಚ್ ಸ್ಟ್ರೀಟ್‌ಗೆ ಕಲ್ಲು ಹಾಸಿ 2018ರಲ್ಲಿ ಹೊಸದು ಮಾಡಿದರು. 2020ರ ಕೊನೆಯಲ್ಲಿ ಕೆಲವು ತಿಂಗಳು ವಾರದ ಕೊನೆಗೆ ವಾಹನ ನಿಲ್ಲಿಸಿ ಬರೀ ನಡೆಯುವವರಿಗೆ ಬಿಟ್ಟರು. ನಾನು ಆಗ ಹೋಗಿದ್ದೆ. ಮಕ್ಕಳು ರಸ್ತೆಯ ಮಧ್ಯೆ ಕೂತು ಹೊಸ ಪುಸ್ತಕ ಬಿಚ್ಚಿ ಓದುತ್ತಿದ್ದರು. ಕಾರಿನಲ್ಲಿ ಹೋಗುವವರಿಗೆ ಸಣ್ಣ ಅಂಗಡಿ ಕಾಣಿಸುವುದೇ ಇಲ್ಲ. ಅದಕ್ಕೆ ನಡಿಗೆಯ ವೇಗ ಬೇಕು.

ಆದರೆ ರಸ್ತೆ ಚಂದ ಮಾಡುವುದಕ್ಕೂ ಒಂದು ಬೆಲೆ ಇದೆ. ಗಾಂಧಿಬಜಾರ್ ಅಗೆದಿದ್ದ ತಿಂಗಳುಗಳಲ್ಲಿ ನಾನು ವಾರಕ್ಕೆರಡು ಸಲ ಹೋಗುತ್ತಿದ್ದೆ. ಹೂವಿನವರ ಮುಂದೆ ಮಣ್ಣಿನ ಗುಡ್ಡೆ, ನಿಂತು ಕೊಳ್ಳಲು ಜಾಗವಿಲ್ಲ. "ರೋಡ್ ಆದ್ಮೇಲೆ ನಾವು ಇರ್ತೀವೋ ಇಲ್ವೋ" ಅಂತ ಒಬ್ಬಾಕೆ ಕೇಳಿದಳು. ಬೀದಿ ವ್ಯಾಪಾರಿಗಳಿಗೆ 2014ರ ಕಾಯ್ದೆಯಲ್ಲಿ ರಕ್ಷಣೆ ಇದೆ. ಸಮೀಕ್ಷೆ, ಗುರುತಿನ ಚೀಟಿ, ಅವರ ಪ್ರತಿನಿಧಿಗಳೂ ಇರುವ ಪಟ್ಟಣ ಸಮಿತಿ, ಎಲ್ಲ ಅದರಲ್ಲಿದೆ. ಆದರೆ ಮೊಳ ಹಾಕುವವಳಿಗೆ ಅದನ್ನು ಓದಿ ಹೇಳುವವರು ಬೇಕು. ನಿಮ್ಮಲ್ಲಿ ವಕೀಲರಿದ್ದರೆ, ಕಾನೂನು ಓದುವ ಮಕ್ಕಳಿದ್ದರೆ, ದಯವಿಟ್ಟು ಒಂದು ಸಂಜೆ ಅವರ ಜೊತೆ ಕೂತುಕೊಳ್ಳಿ. ಇದನ್ನು ಕೈಮುಗಿದು ಕೇಳುತ್ತೇನೆ. ರಸ್ತೆಗೆ ಕಲ್ಲು ಹಾಸಿ, ಮರ ನೆಟ್ಟು, ಬುಟ್ಟಿಯವರನ್ನು ಎಬ್ಬಿಸಿದರೆ ಹಬ್ಬದ ಬೀದಿ ಎಲ್ಲಿ ಉಳಿಯಿತು?

ಬಾಡಿಗೆ ಇನ್ನೊಂದು ಕಷ್ಟ. ಮಹಡಿಯ ಲೇತ್‌ನವರು ದೊಡ್ಡ ಬಾಡಿಗೆ ಕೊಡಲಾರರು. ಹಳೇ ಕಟ್ಟಡ ಒಡೆದು ಹೊಸದು ಕಟ್ಟಿದಾಗ ಕೆಳಗಿನ ಅಂಗಡಿ ಹೇಗೋ ಮತ್ತೆ ಬರುತ್ತದೆ, ಮಹಡಿಯ ಕಸುಬು ಬರುವುದಿಲ್ಲ. ನನ್ನ ಫಿಲ್ಟರ್ ಬಿಲ್ಲೆ ಸವೆಸಿಕೊಟ್ಟ ಕೋಣೆ ಈಗಿಲ್ಲ. ಆ ಕಟ್ಟಡ ಎರಡು ವರ್ಷದ ಹಿಂದೆ ಹೋಯಿತು. ಅವರು ಎಲ್ಲಿಗೆ ಹೋದರು ಅಂತ ಓಣಿಯಲ್ಲಿ ಕೇಳಿದೆ. ಊರ ಹೊರಗೆ ಎಲ್ಲೋ ಅಂದರು.

ಇದಕ್ಕೆ ನಾವೇನು ಮಾಡಬಹುದು ಅಂತ ನೀವು ಕೇಳಬಹುದು. ಹೋಗಿ. ಸುಮ್ನೆ ನೋಡಲು ಹೋಗಬೇಡಿ, ಒಂದು ಕೆಲಸ ಇಟ್ಟುಕೊಂಡು ಹೋಗಿ. ಮುರಿದ ಹಿಡಿ, ಹರಿದ ತಿದಿ, ಕಳೆದ ಮುಚ್ಚಳ. ಕೈಯಲ್ಲಿ ಒಂದು ಹಳೇ ಸಾಮಾನು ಇದ್ದರೆ ಬೀದಿ ತಾನಾಗಿ ಮಾತಾಡುತ್ತದೆ. ಮೆಟ್ರೊದಲ್ಲಿ ಚಿಕ್ಕಪೇಟೆ ನಿಲ್ದಾಣದಲ್ಲಿ ಇಳಿಯಿರಿ, ಕಾರು ಬೇಡವೇ ಬೇಡ. ಭಾನುವಾರ ಪೇಟೆಯ ಬಹಳ ಅಂಗಡಿಗಳಿಗೆ ರಜೆ, ವಾರದ ದಿನ ಹನ್ನೊಂದರ ಹೊತ್ತಿಗೆ ಹೋಗಿ. ಬೆಳಗ್ಗೆ ಬಾಗಿಲು ತೆಗೆದ ತಕ್ಷಣ ಹೋದರೆ ಅದು ಬೋಣಿ ಹೊತ್ತು. ಆಗ ಬೆಲೆ ಕೇಳಿ ಕೊಳ್ಳದೆ ಎದ್ದು ಬಂದರೆ ಅವರ ಮನಸ್ಸಿಗೆ ಬೇಜಾರಾಗುತ್ತದೆ, ಕೊಳ್ಳುವುದಿದ್ದರೆ ಮಾತ್ರ ಮೆಟ್ಟಿಲು ಹತ್ತಿ. ಚೌಕಾಸಿ ಮಾಡಿ, ಅದು ಅಲ್ಲಿನ ಮಾತಿನ ಭಾಗ. ಆದರೆ ಮಾಲ್‌ನಲ್ಲಿ ಬಾಯಿ ಮುಚ್ಚಿಕೊಂಡು ಕೊಟ್ಟು ಬಂದು, ಸೊಪ್ಪಿನವಳ ಹತ್ತಿರ ಎರಡು ರೂಪಾಯಿಗೆ ಹಟ ಮಾಡಬೇಡಿ. ಹೂವಿನವಳು ಮೊಳ ಅಳೆದ ಮೇಲೆ ಕೊಸರು ಅಂತ ನಾಲ್ಕು ಬೆರಳು ಜಾಸ್ತಿ ಬಿಡುತ್ತಾಳಲ್ಲ, ಅದು ನೀವು ಕೇಳದೆ ಬಂದದ್ದು.

ಮಕ್ಕಳನ್ನು ಕರೆದುಕೊಂಡು ಹೋಗಿ. ಅವರೇ ಕೇಳಲಿ, ನೀವು ಹಿಂದೆ ನಿಂತಿರಿ. ಮೊನ್ನೆ ನನ್ನ ಮೊಮ್ಮಗನಿಗೆ ಒಂದು ಬುಗುರಿ ಬೇಕಾಗಿತ್ತು. ಮರದ್ದು, ಮೊಳೆ ಇರುವುದು. ಒಂದು ಅಂಗಡಿಯಲ್ಲಿ ಕೇಳಿದ, ಇಲ್ಲ ಅಂದರು. ಎರಡನೆಯದರಲ್ಲೂ ಇಲ್ಲ. ಮೂರನೆಯ ಅಂಗಡಿಯವರು ತಲೆ ಕೆರೆದುಕೊಂಡು, "ಇರು ಮರಿ, ಕೂತ್ಕೋ" ಅಂದು ಹುಡುಗನನ್ನು ಕರೆದರು. ಆ ಹುಡುಗ ಓಣಿಯೊಳಗೆ ಓಡಿದ. ನನ್ನ ಮೊಮ್ಮಗ ಸ್ಟೂಲಿನ ಮೇಲೆ ಕೂತು ಕಾಲು ಅಲ್ಲಾಡಿಸುತ್ತಾ, ಹುಡುಗ ಹೋದ ದಾರಿಯನ್ನೇ ನೋಡುತ್ತಿದ್ದ.